ಕಮಲಾಪುರದ ಬಾಳೆಹಣ್ಣು, ಕಲಬುರಗಿಯ ಲೆಕ್ಕ

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ ಎಂಬುದು ನಮ್ಮ ಕಡೆಯವರಿಗೆ ಹೆಮ್ಮೆ. ಆ ಹಣ್ಣು ವಿಕಿರಣ ಸೂಸುತ್ತದೆ ಎಂದರೆ ಮಾತ್ರ ಹೌಹಾರುತ್ತಾರೆ. ಕೆಂಪು ಬಾಳೆಯಷ್ಟೇ ಅಲ್ಲ, ಎಲ್ಲ ಬಾಳೆಯಲ್ಲೂ ಪೊಟ್ಯಾಸಿಯಂ ಇದೆ. ಅದರಲ್ಲೊಂದು ಅತಿಸಣ್ಣ ಪಾಲು ಪೊಟ್ಯಾಸಿಯಂ-40. ಸಾಧಾರಣ ಗಾತ್ರದ ಹಣ್ಣೊಂದರಲ್ಲಿ ಸೆಕೆಂಡಿಗೆ ಸುಮಾರು 15 ಪರಮಾಣುಗಳು ಕ್ಷಯಿಸುತ್ತವೆ. ಹತ್ತಕ್ಕೊಂದರಂತೆ ಗಾಮಾ ಕಿರಣ ಹೊರಬೀಳುತ್ತದೆ. ಅದರ ಶಕ್ತಿ 1.46 ಮೆಗಾ ಎಲೆಕ್ಟ್ರಾನ್‌ವೋಲ್ಟ್. ಕ್ಯಾನ್ಸರ್ ಚಿಕಿತ್ಸೆಯ ಕೋಬಾಲ್ಟ್-60 ಯಂತ್ರದ ಕಿರಣಗಳದ್ದು 1.17 ಮತ್ತು 1.33. ಎರಡೂ ಒಂದೇ ಜಾತಿಯ ಕಿರಣ, ವ್ಯತ್ಯಾಸವಿರುವುದು ಎಣಿಕೆಯಲ್ಲಿ. ಆ ಯಂತ್ರದೊಳಗೆ ಸೆಕೆಂಡಿಗೆ ಕೋಟಿ ಕೋಟಿಗೂ ಮಿಕ್ಕಿ ಪರಮಾಣುಗಳು ಕ್ಷಯಿಸುತ್ತಿರುತ್ತವೆ. ಹಣ್ಣಿಂದ ಹಾನಿಯಿಲ್ಲ, ಯಂತ್ರದಿಂದ ಗಡ್ಡೆ ಕರಗುತ್ತದೆ. ನಡುವೆ ಇರುವುದೆಲ್ಲ ಲೆಕ್ಕ.

ನಮ್ಮಲ್ಲಿ ಈ ಚಿಕಿತ್ಸೆಗೆ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಆ ಮಾತಿನಲ್ಲೇ ಅರ್ಧ ಭಯ ಅಡಗಿದೆ. ಮೈಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಕಿರಣ ಬೀಳುವಾಗ ನೋವಾಗುವುದಿಲ್ಲ. ಹೊರಗಿನ ಯಂತ್ರದಿಂದ ಕಿರಣ ಪಡೆದವರು ಮನೆಗೆ ಬಂದು ಮೊಮ್ಮಕ್ಕಳನ್ನು ಎತ್ತಿಕೊಂಡರೆ ಮಗುವಿಗೆ ಏನೂ ತಗಲುವುದಿಲ್ಲ. ಕಿರಣ ಮಾಡುವ ಕೆಲಸ ಜೀವಕೋಶದ ಡಿಎನ್ಎ ಎಳೆಗಳನ್ನು ಕಡಿಯುವುದು. ಪಕ್ಕದ ಆರೋಗ್ಯವಂತ ಕೋಶಕ್ಕೂ ಪೆಟ್ಟು ಬೀಳುತ್ತದೆ, ಆದರೆ ಅದು ರಿಪೇರಿ ಮಾಡಿಕೊಳ್ಳುವುದರಲ್ಲಿ ಕ್ಯಾನ್ಸರ್ ಕೋಶಕ್ಕಿಂತ ಜಾಣ. ಅದಕ್ಕೆ ಪುರಸೊತ್ತು ಸಿಗಲೆಂದೇ ಒಟ್ಟು ಡೋಸನ್ನು ದಿನಕ್ಕಿಷ್ಟು ಎಂದು ಹಂಚುತ್ತಾರೆ.

ಆದರೆ ಎಷ್ಟು ಕಿರಣ ಬಿಟ್ಟರೆ ಅಂಗಾಂಶ ಎಷ್ಟನ್ನು ಹೀರುತ್ತದೆ? ಈ ಪ್ರಶ್ನೆಗೆ ಕಲಬುರಗಿಯಲ್ಲೇ ಕೂತು ತಲೆ ಕೊಟ್ಟವರಿದ್ದಾರೆ. ಗುಲ್ಬರ್ಗ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಎಸ್.ಆರ್. ಮನೋಹರ ಮತ್ತು ಎಸ್.ಎಂ. ಹಣಗೋಡಿಮಠ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ದೇಹ ತಾನಾಗಿ ತಯಾರಿಸಿಕೊಳ್ಳಲಾರದ, ಊಟದಿಂದಲೇ ಪಡೆಯಬೇಕಾದ ಅಮೈನೋ ಆಮ್ಲಗಳ ಮೇಲೆ ಬೇರೆ ಬೇರೆ ಶಕ್ತಿಯ ಕಿರಣ ಬಿದ್ದಾಗ ಅವು ಎಷ್ಟು ‘ತೂಕ’ದ ಪರಮಾಣುವಿನಂತೆ ವರ್ತಿಸುತ್ತವೆ ಎಂಬ ಲೆಕ್ಕ ಅದು. ಇದಕ್ಕೆ ಪರಿಣಾಮಕಾರಿ ಪರಮಾಣು ಸಂಖ್ಯೆ ಎಂದು ಹೆಸರು. ಸ್ವಾರಸ್ಯವೆಂದರೆ ಆ ಸಂಖ್ಯೆ ಸ್ಥಿರವಲ್ಲ. ಕಡಿಮೆ ಶಕ್ತಿಯ ಕಿರಣಕ್ಕೆ ಅಣುವಿನೊಳಗಿನ ಭಾರದ ಪರಮಾಣುಗಳೇ ಎದ್ದು ಕಾಣುತ್ತವೆ. ಮಧ್ಯಮ ಶಕ್ತಿಗೆ ಬಂದರೆ ಹಗುರ ಹೈಡ್ರೋಜನ್ನೂ ಲೆಕ್ಕಕ್ಕೆ ಬರುತ್ತದೆ. ಮರುವರ್ಷ ಅಮೃತಸರ ಮತ್ತು ಡೆನ್ಮಾರ್ಕಿನ ವಿಜ್ಞಾನಿಗಳೊಡನೆ ಸೇರಿ ಎಲ್ಲ ಬಗೆಯ ವಸ್ತುಗಳಿಗೂ ಅನ್ವಯಿಸುವ ಸೂತ್ರಗಳನ್ನೇ ಕೊಟ್ಟರು. ಇಂಥ ಕೆಲಸಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭ ಇರುವುದಿಲ್ಲ. ಆದರೆ ಇದು ಬುನಾದಿಯ ಕಲ್ಲು.

ಅಮೈನೋ ಆಮ್ಲದ ಮಾತು ಬಂತಲ್ಲ, ಅವುಗಳಲ್ಲೊಂದು ಫೀನೈಲಲನಿನ್. ಬೆಳೆಯುವ ಆತುರದಲ್ಲಿರುವ ಕ್ಯಾನ್ಸರ್ ಕೋಶ ಇದನ್ನು ಬಾಚಿ ತಿನ್ನುತ್ತದೆ. ಹಾಗಾದರೆ ತುತ್ತಿನಲ್ಲೇ ಮದ್ದು ಇಟ್ಟರಾಯಿತಲ್ಲ ಎಂದು ರಸಾಯನಶಾಸ್ತ್ರಜ್ಞರು ಅದಕ್ಕೆ ಬೋರಾನ್-10 ಜೋಡಿಸಿದರು. ಅದನ್ನು ರಕ್ತನಾಳಕ್ಕೆ ಕೊಟ್ಟು, ಆಮೇಲೆ ನ್ಯೂಟ್ರಾನ್ ಹಾಯಿಸುತ್ತಾರೆ. ನ್ಯೂಟ್ರಾನ್ ನುಂಗಿದ ಬೋರಾನ್ ಎರಡು ಹೋಳಾಗಿ ಸಿಡಿಯುತ್ತದೆ. ಆ ಚೂರುಗಳ ಓಟ ಒಂದು ಕೋಶದ ಅಗಲದಷ್ಟೇ, ಹಾಗಾಗಿ ಬೋರಾನ್ ತಿಂದ ಕೋಶ ಸಾಯುತ್ತದೆ, ನೆರೆಯದು ಬಹುಮಟ್ಟಿಗೆ ಉಳಿಯುತ್ತದೆ. ಜಪಾನ್ 2020ರಲ್ಲಿ ತಲೆ ಮತ್ತು ಕತ್ತಿನ ಮರುಕಳಿಸಿದ ಕ್ಯಾನ್ಸರಿಗೆ ಇದನ್ನು ಅಂಗೀಕರಿಸಿತು. ಗುಟ್ಕಾ, ತಂಬಾಕು ಬಾಯಿ ಸುಡುತ್ತಿರುವ ನಮ್ಮ ಸೀಮೆಗೆ ಇದು ದೂರದ ಸುದ್ದಿಯಲ್ಲ. ಭೌತವಿಜ್ಞಾನಿ, ರಸಾಯನವಿಜ್ಞಾನಿ, ಜೀವವಿಜ್ಞಾನಿ, ಎಂಜಿನಿಯರ್, ವೈದ್ಯ, ಇವರಲ್ಲಿ ಒಬ್ಬರು ಕೈ ಬಿಟ್ಟಿದ್ದರೂ ಈ ಚಿಕಿತ್ಸೆ ಸಾಧ್ಯವಾಗುತ್ತಿರಲಿಲ್ಲ.

‘ಫ್ಲ್ಯಾಶ್’ ಎಂಬ ಇನ್ನೊಂದು ದಾರಿ ಈಗಷ್ಟೇ ತೆರೆಯುತ್ತಿದೆ. ನಿಮಿಷಗಟ್ಟಲೆ ಕೊಡುವ ಡೋಸನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡುವುದು. 2018ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಮೊದಲ ರೋಗಿಗೆ 15 ಗ್ರೇ (ಅಂಗಾಂಶ ಹೀರುವ ಕಿರಣದ ಅಳತೆ) ಡೋಸನ್ನು 90 ಮಿಲಿಸೆಕೆಂಡಿನಲ್ಲಿ ಕೊಟ್ಟರು. ಆರೋಗ್ಯವಂತ ಅಂಗಾಂಶ ಇದನ್ನು ಹೇಗೆ ತಾಳಿಕೊಳ್ಳುತ್ತದೆ ಎಂಬುದಕ್ಕೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ನನ್ನ ಮಟ್ಟಿಗೆ ನಮ್ಮ ಭಾಗಕ್ಕೆ ಎಲ್ಲಕ್ಕಿಂತ ದೊಡ್ಡ ಹೊಸತನ ದಿನಗಳನ್ನು ಕಡಿಮೆ ಮಾಡಿದ್ದು. ಕಮಲಾಪುರದಿಂದ ಕಲಬುರಗಿಗೆ ಹುಮನಾಬಾದ್ ರಸ್ತೆಯಲ್ಲಿ ಮೂವತ್ತೈದು ಕಿಲೋಮೀಟರಿನಷ್ಟು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿಸಿದ ಹೆಣ್ಣುಮಗಳು ಹಳೆಯ ಪದ್ಧತಿಯಂತೆ ಐದು ವಾರದಲ್ಲಿ 25 ಸಲ ಕಿರಣ ಪಡೆಯಬೇಕಾದರೆ ಹೋಗಿಬರುವ ದಾರಿಯೇ 1,750 ಕಿಲೋಮೀಟರ್. ಅಷ್ಟೂ ದಿನ ತೊಗರಿ ಹೊಲದ ಕೂಲಿ ಹೋಯಿತು, ಜೊತೆಗೆ ಬರುವ ಮಗನ ಕೂಲಿಯೂ ಹೋಯಿತು. ಬ್ರಿಟನ್ನಿನ 97 ಆಸ್ಪತ್ರೆಗಳಲ್ಲಿ 4,096 ರೋಗಿಗಳ ಮೇಲೆ ನಡೆದ ‘ಫಾಸ್ಟ್-ಫಾರ್ವರ್ಡ್’ ಅಧ್ಯಯನ 2020ರಲ್ಲಿ ಐದು ವರ್ಷಗಳ ಫಲಿತಾಂಶ ಕೊಟ್ಟಿತು. ಆರಂಭಿಕ ಹಂತದ ಸ್ತನ ಕ್ಯಾನ್ಸರಿನಲ್ಲಿ ಒಂದು ವಾರದ 5 ಸಲದ ಚಿಕಿತ್ಸೆ, ಮೂರು ವಾರದ 15 ಸಲದ ಚಿಕಿತ್ಸೆಗೆ ಗಡ್ಡೆ ಮರಳದಂತೆ ತಡೆಯುವುದರಲ್ಲಿ ಕಡಿಮೆಯೇನಲ್ಲ ಎಂದು ಅದು ತೋರಿಸಿತು. 1,750 ಕಿಲೋಮೀಟರ್ 350ಕ್ಕೆ ಇಳಿಯಿತು. ಎಲ್ಲರಿಗೂ ಇದು ಹೊಂದುವುದಿಲ್ಲ, ನಿರ್ಧಾರ ವೈದ್ಯರದು. ಆದರೆ ನನಗೆ ಕಡಿಮೆ ದಿನದ ಚಿಕಿತ್ಸೆ ಆಗುತ್ತದೆಯೇ ಎಂದು ಕೇಳುವ ಹಕ್ಕು ರೋಗಿಯದು.

ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ, 1980ರಿಂದ ವಿಶ್ವವಿದ್ಯಾಲಯವಿದೆ, ವೈದ್ಯಕೀಯ ಕಾಲೇಜುಗಳಿವೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇವುಗಳ ಜನ ಒಂದೇ ಮೇಜಿನ ಸುತ್ತ ಕೂತು ನಮ್ಮ ರೋಗಿಗಳ ಪ್ರಶ್ನೆಗಳನ್ನೇ ಸಂಶೋಧನೆಯ ವಿಷಯ ಮಾಡಿಕೊಳ್ಳಲಿ.

ಓದುಗರಲ್ಲೊಂದು ಬೇಡಿಕೆ. ಮನೆಯಲ್ಲಿ ಯಾರಿಗಾದರೂ ‘ಕರೆಂಟ್’ ಶುರುವಾಗಿದ್ದರೆ ಜಾತ್ರೆ, ಮದುವೆ, ರಾಶಿ ಯಾವ ಕಾರಣಕ್ಕೂ ನಡುವೆ ಬಿಡಿಸಬೇಡಿ. ಬಾಯಿ-ಗಂಟಲ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಲಂಬಿಸಿದರೂ ಗಡ್ಡೆ ಹಿಡಿತಕ್ಕೆ ಸಿಗುವ ಸಾಧ್ಯತೆ ಶೇಕಡಾ ಒಂದರಷ್ಟು ಇಳಿಯುತ್ತದೆ. ಬಸ್ ತಪ್ಪಿದರೆ ಮುಂದಿನ ಬಸ್ ಹಿಡಿಯಿರಿ, ಆದರೆ ಅವತ್ತೇ ಹೋಗಿ.