ಯಾರ್ಕಂದದ ದಾರಿಯಲ್ಲಿ ಒಂದು ಪ್ರಾಣಿಸಂಗ್ರಹ

ಯಾರ್ಕಂದಕ್ಕೆ ಹೋದ ಎರಡನೆಯ ನಿಯೋಗದ ಶಾಸ್ತ್ರೀಯ ಫಲಗಳನ್ನು ವಿವರಿಸುವ ಗ್ರಂಥಮಾಲೆಯು 1878ರಿಂದ 1891ರವರೆಗೆ ಭಾಗಭಾಗವಾಗಿ ಪ್ರಕಟವಾಯಿತು. ದಿವಂಗತ ಫರ್ಡಿನಾಂಡ್ ಸ್ಟೊಲಿಚ್ಕನ ಸಂಗ್ರಹಗಳೂ ಟಿಪ್ಪಣಿಗಳೂ ಅದಕ್ಕೆ ಆಧಾರವೆಂದು ಅದರ ಮುಖಪತ್ರದಲ್ಲಿಯೇ ಹೇಳಿದೆ. ಇವೆರಡರಲ್ಲಿ ಸಂಗ್ರಹವನ್ನು ಎಲ್ಲರೂ ಕೊಂಡಾಡುವರು. ಟಿಪ್ಪಣಿಯ ಬೆಲೆಯನ್ನು ಬಲ್ಲವರು ಕಡಮೆ.

ಸ್ಟೊಲಿಚ್ಕನು 1838ರಲ್ಲಿ ಮೊರೇವಿಯದಲ್ಲಿ ಹುಟ್ಟಿ, 1862ರಲ್ಲಿ ಭಾರತದ ಭೂವಿಜ್ಞಾನ ಇಲಾಖೆಯನ್ನು ಸೇರಿದನು. ತಿರುಚಿರಾಪಳ್ಳಿ ಸೀಮೆಯಲ್ಲಿ ಕಲ್ಲಾಗಿ ಉಳಿದಿರುವ ಪ್ರಾಚೀನ ಶಂಖಗಳನ್ನೂ ಚಿಪ್ಪುಗಳನ್ನೂ ಕುರಿತು ಆತನು ಬರೆದ ಸಂಪುಟಗಳಿಂದ ದಕ್ಷಿಣದೇಶದ ಭೂವಿಜ್ಞಾನಕ್ಕೂ ಆತನ ಹೆಸರು ಸೇರಿಕೊಂಡಿದೆ. 1873ರಲ್ಲಿ ಸರ್ಕಾರವು ಫಾರ್ಸೈತನ ಮುಖಂಡತ್ವದಲ್ಲಿ ಕಾಷ್ಗರಿನ ಯಾಕೂಬ್ ಬೇಗನಲ್ಲಿಗೆ ನಿಯೋಗವನ್ನು ಕಳುಹಿಸಿದಾಗ ಆತನು ಅದರೊಡನೆ ಹೊರಟನು. ನಿಯೋಗದ ಉದ್ದೇಶ ವಾಣಿಜ್ಯದ ಒಪ್ಪಂದ. ಪ್ರಾಣಿಶಾಸ್ತ್ರವು ಅದರ ಬೆನ್ನಹಿಂದೆ ನಡೆದ ಕೆಲಸ. ಒಪ್ಪಂದವೇನೋ 1874ರಲ್ಲಿ ಆಯಿತು. ಆದರೆ 1877ರಲ್ಲಿ ಯಾಕೂಬ್ ಬೇಗನು ಸತ್ತು, ಆತನ ರಾಜ್ಯವು ಮತ್ತೆ ಚೀನೀಯರ ವಶವಾಯಿತು.

ಲಡಾಖಿನ ಲೇಹ್ ಪಟ್ಟಣದಿಂದ ಉತ್ತರಕ್ಕೆ ಸಾಗುವ ಈ ಮಾರ್ಗವು ಹದಿನೆಂಟು ಸಾವಿರ ಅಡಿಗೂ ಮೇಲ್ಪಟ್ಟ ಕಾರಾಕೋರಂ ಕಣಿವೆಯನ್ನು ದಾಟಿ, ಸುಮಾರು ನಾಲ್ಕು ಸಾವಿರ ಅಡಿ ಎತ್ತರದಲ್ಲಿರುವ ಯಾರ್ಕಂದದ ಬಯಲಿಗೆ ಇಳಿಯುತ್ತದೆ. ಆಚೆಗೆ ತಕ್ಲಮಕಾನ್ ಮರುಭೂಮಿ. 1874ರ ವಸಂತದಲ್ಲಿ ನಿಯೋಗದ ಕೆಲವರು ಪಾಮೀರವನ್ನೂ ವಖಾನ್ ಸೀಮೆಯನ್ನೂ ನೋಡಿಬಂದರು, ಸ್ಟೊಲಿಚ್ಕನೂ ಜೊತೆಯಲ್ಲಿದ್ದನು. ಹಿಂದಿರುಗುವಾಗ, ಕಾರಾಕೋರಂ ಕಣಿವೆಯನ್ನು ದಾಟಿದ ಮೇಲೆ, ಜೂನ್ 19ರಂದು ಮುರ್ಗೋ ಎಂಬಲ್ಲಿ ಆತನು ತೀರಿಕೊಂಡನು. ವಯಸ್ಸು 36. ಎತ್ತರದ ಪ್ರದೇಶಗಳಲ್ಲಿ ಬರುವ ರೋಗವೇ ಮರಣಕ್ಕೆ ಕಾರಣವೆಂದು ಈಗಿನವರ ಊಹೆ. ಸಮಾಧಿಯು ಲೇಹದಲ್ಲಿದೆ.

ಸಂಗ್ರಾಹಕನ ಕೆಲಸವೆಂದರೆ ಬೇಟೆಯೆಂದು ತಿಳಿಯುವುದುಂಟು. ಹೊಡೆದ ಹಕ್ಕಿಯ ಚರ್ಮವನ್ನು ಗರಿ ಕೆಡದಂತೆ ಸುಲಿಯಬೇಕು. ಹುಳು ಹತ್ತದಂತೆ ಒಳಭಾಗಕ್ಕೆ ಪಾಷಾಣದ ಸಾಬೂನನ್ನು ಸವರಿ, ಹತ್ತಿಯನ್ನು ತುಂಬಿ ಒಣಗಿಸಬೇಕು. ಬಳಿಕ ಕಾಲಿಗೆ ಚೀಟಿಯೊಂದನ್ನು ಕಟ್ಟಬೇಕು. ದೊರೆತ ಸ್ಥಳ, ದಿನ, ಗಂಡೋ ಹೆಣ್ಣೋ ಎಂಬುದು, ಸಾಧ್ಯವಾದರೆ ಎತ್ತರ, ಇಷ್ಟು ಅದರಲ್ಲಿರಬೇಕು. ಮೂಲಸ್ಥಾನ ತಿಳಿಯದ ಶಾಸನಶಿಲೆಯನ್ನಿಟ್ಟುಕೊಂಡು ತೊಳಲಿದವರಿಗೆ ಈ ಚೀಟಿಯ ಮಹತ್ತ್ವವನ್ನು ಬೇರೆ ಹೇಳಬೇಕಾಗಿಲ್ಲ.

ಈ ದಾರಿಯಲ್ಲಂತೂ ಅದಿಲ್ಲದೆ ಏನೂ ನಡೆಯದು. ಉದಾಹರಣೆಗೆ ಮೊಲಗಳನ್ನು ನೋಡಬಹುದು. ಟಿಬೆಟ್ಟಿನ ಎತ್ತರದ ಬಯಲುಗಳಲ್ಲಿರುವ ಉಣ್ಣೆಮೊಲ ಒಂದು. ಕಿವಿಯ ತುದಿಯಲ್ಲಿ ಕಪ್ಪಿಲ್ಲದ, ಮರಳಿನ ಬಣ್ಣದ ಮೊಲ ಇನ್ನೊಂದು. ಎರಡನೆಯದನ್ನು ಗುಂಥರನು 1875ರಲ್ಲಿ ಯಾರ್ಕಂದದ ಹೆಸರಿನಿಂದಲೇ ವರ್ಣಿಸಿದನು. ಅದು ತಾರಿಮ್ ನದಿಯ ತಗ್ಗುಪ್ರದೇಶವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಪರ್ವತದ್ದು ಯಾವುದು, ಮರುಭೂಮಿಯದು ಯಾವುದು ಎಂಬ ವಿವೇಚನೆಗೆ ಚರ್ಮವೊಂದೇ ಸಾಲದು, ಸ್ಥಳನಿರ್ದೇಶವೂ ಬೇಕು. ಸತ್ತವನನ್ನು ಕೇಳುವಂತಿಲ್ಲ, ಬರೆದಿಟ್ಟದ್ದೇ ಗತಿ. ಆ ಬರಹದ ಬಲದಿಂದಲೇ ಬ್ಲಾನ್‌ಫರ್ಡನು ಭೂವಿಜ್ಞಾನದ ಭಾಗವನ್ನೂ ಸಸ್ತನಿಗಳ ಭಾಗವನ್ನೂ ಸಿದ್ಧಪಡಿಸಿದನು. ಷಾರ್ಪನು ಬರೆದ ಪಕ್ಷಿಗಳ ಭಾಗವು ಹೊರಬಂದುದು 1891ರಲ್ಲಿ, ಎಂದರೆ ಸಂಗ್ರಾಹಕನು ಸತ್ತ 17 ವರ್ಷಗಳ ಮೇಲೆ.

ಹೆಸರುಗಳ ವಿಷಯವಾಗಿ ಒಂದು ಮಾತು. ಮರಳುಗಾಡಿನಲ್ಲಿ ಓಡಾಡುವ ಒಂದು ಹಕ್ಕಿಗೆ ಹ್ಯೂಮನು 1874ರಲ್ಲಿ ನಿಯೋಗದ ಬಿಡಲ್ಫನ ಹೆಸರನ್ನಿಟ್ಟನು. ಅದು ಈಗಲೂ ಹಾಗೆಯೇ ಇದೆ. ಅದೇ ವರ್ಷ ಹಿಡಿಯಲ್ಲಿ ಅಡಗುವಷ್ಟು ಪುಟ್ಟದಾದ, ನೇರಳೆ ಛಾಯೆಯ ಮತ್ತೊಂದು ಹಕ್ಕಿಗೆ ಕುಲನಾಮ, ಜಾತಿನಾಮ ಎರಡನ್ನೂ ಸ್ಟೊಲಿಚ್ಕನಿಂದಲೇ ತೆಗೆದು ‘ಸ್ಟೊಲಿಚ್ಕಾನ ಸ್ಟೊಲಿಚ್ಕೆ’ ಎಂದು ಕರೆದನು. ಆದರೆ ಆ ಹಕ್ಕಿಯ ಜಾತಿಯನ್ನು ರಷ್ಯದ ಸೆವೆರ್ತ್ಸೋವನು ಹಿಂದಿನ ವರ್ಷವೇ ‘ಲೆಪ್ಟೊಪೀಸಿಲಿ ಸೋಫಿಯೆ’ ಎಂದು ವರ್ಣಿಸಿದ್ದನು. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಶಾಸ್ತ್ರದ ನಿಯಮ. ಆದುದರಿಂದ ಸ್ಟೊಲಿಚ್ಕನ ಹೆಸರು ಈಗ ಅಲ್ಲಿ ಮೂರನೆಯ ಪದವಾಗಿ, ಉಪಜಾತಿಯನ್ನು ಸೂಚಿಸುತ್ತಿದೆ. ಬ್ಲಾನ್‌ಫರ್ಡನು 1875ರಲ್ಲಿ ಆತನ ಹೆಸರಿಟ್ಟ ಬೆಟ್ಟದ ಇಲಿಯು ಮಾತ್ರ ಸ್ವತಂತ್ರ ಜಾತಿಯಾಗಿಯೇ ಉಳಿದಿದೆ.