ಮೋಡಕ್ಕೆ ‘ಸಾವಕಾಶ’ ಎಂದ ಬೀಳಗಿಯ ಕೊರಳು

ನಮ್ಮ ಬಾಗಲಕೋಟೆ ಸೀಮೆಯಲ್ಲಿ ಮೋಡಕ್ಕೆ ಯಾರೂ ‘ಸಾವಕಾಶ ಬಾ’ ಅನ್ನುವುದಿಲ್ಲ. ಮಳೆ ಕೈಕೊಟ್ಟರೆ ತಲೆಯ ಮೇಲೆ ಗುರ್ಜಿ ಹೊತ್ತು ಮನೆಮನೆ ತಿರುಗಿ, ಮೈತುಂಬ ನೀರು ಸುರಿಸಿಕೊಂಡು ಮಳೆಯನ್ನು ಕೂಗಿ ಕರೆಯುವ ಮಂದಿ ನಾವು. ಇಂಥ ನೆಲದ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ, ಮಲಗಿದವರು ಎದ್ದಾರು, ಮೆಲ್ಲಗೆ ಬಾ ಎಂದು ಮೋಡಕ್ಕೇ ಬುದ್ಧಿ ಹೇಳುವ ಹಾಡು ಹಾಡಿದರು! 1943ರ ‘ಕಿಸ್ಮತ್’ ಚಿತ್ರದ್ದು ಅದು. ಪ್ರದೀಪರ ಸಾಹಿತ್ಯ, ಅನಿಲ್ ಬಿಸ್ವಾಸರ ಸಂಗೀತ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು.

ಚಿತ್ರ ಮರೆತವರಿಗೂ ಹಾಡು ನೆನಪಿದೆ. ಯಾಕೆ? ನನಗೆ ಅನ್ನಿಸುವುದಿಷ್ಟು. ಅಮೀರಬಾಯಿಯದು ನಾಟಕದ ಮನೆತನದ ಕೊರಳು. ಮೈಕಿಲ್ಲದ ಕಾಲದ ರಂಗದಲ್ಲಿ ಕಟ್ಟಕಡೆಯ ಸಾಲಿಗೂ ಮುಟ್ಟಬೇಕಿದ್ದ ಕೊರಳು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ಕಂಪನಿ ನಾಟಕ ನೋಡಿದವರಿಗೆ ಆ ಜೋರು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಅಷ್ಟು ಕಸುವಿರುವ ದನಿ ಮೈಕಿನ ಮುಂದೆ ನಿಂತು, ಕಸುವನ್ನೆಲ್ಲ ಒಳಗೇ ಹಿಡಿದು, ತೊಟ್ಟಿಲ ಪಕ್ಕದಲ್ಲಿ ಕೂತಂತೆ ಹಾಡುತ್ತದೆ. ಸಣ್ಣ ದನಿಯವರು ಮೆಲ್ಲಗೆ ಹಾಡುವುದು ಬೇರೆ, ಇದು ಬೇರೆ. ಇಳಕಲ್ ಸೀರೆಯ ಹಾಗೆ ಒಡಲು ಸಾದಾ, ಬೆಡಗೆಲ್ಲ ಸೆರಗಿನಲ್ಲಿ: ಸಾಲು ಮುಗಿಯುವ ಕಡೆಗಷ್ಟೇ ಒಂದು ಚಿಕ್ಕ ಮುರ್ಕಿ.

ಮರುವರ್ಷ ನೌಶಾದ್ ‘ರತನ್’ ಚಿತ್ರದಲ್ಲಿ ಅವರಿಂದ ಅಗಲಿಕೆಯ ಹಾಡು ಹಾಡಿಸಿದರು. ಅದನ್ನು ಕೇಳುವಾಗ ನಾನಂತೂ ಮಾತಾಡುವುದಿಲ್ಲ. 1949ರ ಹೊತ್ತಿಗೆ ಲತಾ ಮಂಗೇಶ್ಕರ್ ಅವರ ತೆಳು ದನಿ ಎಲ್ಲರ ಕಿವಿಯನ್ನು ತಿದ್ದಿಬಿಟ್ಟಿತು. ದಪ್ಪ ಕೊರಳಿನ ಹಲವರು ಹಿಂದೆ ಸರಿದರು. ಅಮೀರಬಾಯಿ 1965ರಲ್ಲಿ ತೀರಿಕೊಂಡರು. ಅಕ್ಕ ಗೋಹರಬಾಯಿಯ ಹೆಸರು ಮರಾಠಿ ರಂಗನಟ ಬಾಲಗಂಧರ್ವರ ಜೊತೆ ಸೇರಿಕೊಂಡು ಚರ್ಚೆಯಲ್ಲಿ ಉಳಿಯಿತು. ತಂಗಿಯ ಬದುಕನ್ನು ಹುಡುಕಿ ಕನ್ನಡದಲ್ಲಿ ಪುಸ್ತಕ ಮಾಡಲು ರಹಮತ್ ತರೀಕೆರೆಯವರೇ ಬರಬೇಕಾಯಿತು.

ಆಲಮಟ್ಟಿಯ ಹಿನ್ನೀರು ಬಂದು ಹಳೆ ಬಾಗಲಕೋಟೆಯ ಓಣಿಗಳನ್ನೇ ನುಂಗಿದ ಮೇಲೂ ಈ ಕಡೆಯ ಒಣಭೂಮಿ ಮುಗಿಲಿನತ್ತಲೇ ನೋಡುತ್ತದೆ. ಒಂದು ಜೂನ್ ಸಂಜೆ ಹುನಗುಂದದ ಚಿಗವ್ವನಿಗೆ ಮೊಬೈಲಿನಲ್ಲಿ ಆ ಮೋಡದ ಹಾಡು ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಏನು ಹಾಡಿದ್ದಾಳೆಂದು ಕೇಳಿದಳು, ಅರ್ಥ ಹೇಳಿದೆ.

“ದನಿ ಭಾಳ ಛಲೋ ಐತಿ. ಆದ್ರ ಸಾವಕಾಶ ಯಾಕ? ಜಲ್ದಿ ಬರ್ಲಿ, ಹೆಸರು ಬಿತ್ತೂದೈತಿ” ಅಂದಳು. ಆಮೇಲೆ, “ಇನ್ನೊಮ್ಮೆ ಹಚ್ಚು.”