ಗೆಡ್ಡೆಗೂ ಹಸಿವುಂಟು!

"ಬೆಳಿಗ್ಗೆ ಬರೀ ನೀರು ಮಾತ್ರ ಕೊಡಿ" ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ನಮ್ಮ ಮಂಗಳೂರಿನ ಸೆಕೆ ಗೊತ್ತಲ್ಲ? ಹೊರಡುವ ಹೊತ್ತಿಗೆ ಅತ್ತೆಯ ಮುಖ ಬಾಡಿಹೋಗಿತ್ತು. ನೋಡಲಾರದೆ ಒಂದು ಬೊಂಡ ಕೆತ್ತಿಸಿ ಕುಡಿಸಿದೆ. ಬೊಂಡ ಎಂದರೆ ನೀರೇ ತಾನೆ!

ಅಲ್ಲಿ ಕೇಳಿದಾಗ ನಿಜ ಹೇಳಿದೆ. ಅಂದಿನ 'ಪೆಟ್' ಸ್ಕ್ಯಾನ್ ಮುಂದಕ್ಕೆ ಹೋಯಿತು. ಅಂಡಾಶಯದ ಕ್ಯಾನ್ಸರ್ ಎಲ್ಲಿಯವರೆಗೆ ಹಬ್ಬಿದೆಯೋ ಎಂದು ಉಸಿರು ಬಿಗಿಹಿಡಿದಿದ್ದ ಮನೆಗೆ ಆ ನಾಲ್ಕು ದಿನ ನಾಲ್ಕು ವರ್ಷವಾಯಿತು. ಸೋದರಿಯರೇ, ನೀವು ನನ್ನಂತೆ ಎಡವಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಸಾಮಾನ್ಯ ಸಿ.ಟಿ. ಸ್ಕ್ಯಾನಿಗೆ ಕೊಡುವ ಅಯೋಡಿನ್ ಔಷಧ ರಕ್ತದೊಡನೆ ಎಲ್ಲ ಕಡೆಗೂ ಹರಿಯುತ್ತದೆ. ಪೆಟ್ ಸ್ಕ್ಯಾನಿನ ಎಫ್.ಡಿ.ಜಿ. ಮಾತ್ರ ಸಕ್ಕರೆಯ ವೇಷ ತೊಟ್ಟದ್ದು. ಗ್ಲೂಕೋಸಿನಂಥ ಪದಾರ್ಥಕ್ಕೆ ವಿಕಿರಣ ಸೂಸುವ ಫ್ಲೋರಿನ್ ಜೋಡಿಸಿರುತ್ತಾರೆ. ಕ್ಯಾನ್ಸರ್ ಗೆಡ್ಡೆಗೆ ಸಕ್ಕರೆಯ ಹಸಿವು ವಿಪರೀತ. ಇದನ್ನು ಜರ್ಮನಿಯ ಆಟೊ ವಾರ್ಬರ್ಗ್ 1920ರ ದಶಕದಲ್ಲೇ ಕಂಡಿದ್ದರು. ಗೆಡ್ಡೆ ಈ ಕಳ್ಳಸಕ್ಕರೆಯನ್ನು ನುಂಗುತ್ತದೆ, ಆದರೆ ಅರಗಿಸಿಕೊಳ್ಳಲಾರದು. ಒಳಗೇ ಉಳಿದ ಅದು ಚಿತ್ರದಲ್ಲಿ ಹೊಳೆಯುತ್ತದೆ. ಮನುಷ್ಯರಿಗೆ ಇದನ್ನು ಮೊದಲು ಕೊಟ್ಟದ್ದು 1976ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ.

ಬೊಂಡದಲ್ಲೂ ಸಕ್ಕರೆ ಉಂಟು! ಅದು ಹೊಟ್ಟೆಗೆ ಬಿದ್ದರೆ ಇನ್ಸುಲಿನ್ ಏರಿ, ಔಷಧವನ್ನು ಮಾಂಸಖಂಡಗಳೇ ಎಳೆದುಕೊಳ್ಳುತ್ತವೆ, ಗೆಡ್ಡೆ ಮಸುಕಾಗುತ್ತದೆ. ಔಷಧವೋ, 110 ನಿಮಿಷಕ್ಕೊಮ್ಮೆ ಅರ್ಧರ್ಧ ಕರಗುವಂಥದ್ದು. ದೋಸೆಹಿಟ್ಟಿನಂತೆ ನಾಳೆಗೆ ಎತ್ತಿಡುವಂತಿಲ್ಲ.

ಇನ್ನೊಂದು ಸೋಜಿಗ ಕೇಳಿ. ಬಸುರಿಯರಿಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆ ನಮಗೆಲ್ಲ ಗೊತ್ತು. ಹರಿವೆ, ಬಸಳೆಯಂಥ ಸೊಪ್ಪಿನಲ್ಲಿರುವ ಜೀವಸತ್ವವೂ ಅದೇ ಬಳಗದ್ದು. ಅಂಡಾಶಯದ ಬಹುಪಾಲು ಕ್ಯಾನ್ಸರುಗಳಿಗೆ ಅದರ ಆಸೆ ಹೆಚ್ಚು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ಲೋ ಈ ಆಸೆಯನ್ನೇ ಗಾಳ ಮಾಡಿ, ಅದಕ್ಕೆ ಹೊಳೆಯುವ ಬಣ್ಣ ಕಟ್ಟಿದರು. ಅದೇ 'ಸೈಟಾಲಕ್ಸ್', ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಪಡೆಯಿತು. ಶಸ್ತ್ರಕ್ರಿಯೆಗೆ ಮುಂಚೆ ಚುಚ್ಚಿದರೆ, ಕಣ್ಣಿಗೂ ಕೈಗೂ ಸಿಗದ ಗೆಡ್ಡೆ ವಿಶೇಷ ಕ್ಯಾಮರಾದಲ್ಲಿ ಬೆಳಗುತ್ತದೆ. ಪರೀಕ್ಷಿಸಿದ 134 ಮಹಿಳೆಯರ ಪೈಕಿ ನೂರಕ್ಕೆ ಸುಮಾರು 27 ಮಂದಿಯಲ್ಲಿ ಹೀಗೆ ತಪ್ಪಿಹೋಗುತ್ತಿದ್ದ ಗೆಡ್ಡೆ ಸಿಕ್ಕಿತು. ಇಲ್ಲೂ ಪಥ್ಯವುಂಟು: 48 ಗಂಟೆ ಮೊದಲೇ ಫೋಲಿಕ್ ಮಾತ್ರೆ ನಿಲ್ಲಿಸಬೇಕು.

ಆದರೆ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಪೆಟ್ ಸ್ಕ್ಯಾನಿನಲ್ಲಿ ಮಿದುಳು ಸಹಜವಾಗಿಯೇ ಹೊಳೆಯುತ್ತದೆ, ಕ್ಷಯದ ಗಂಟೂ ಹೊಳೆಯಬಹುದು. ಚಿತ್ರ ನೋಡಿಯೇ ಎದೆ ಒಡೆದುಕೊಳ್ಳಬೇಡಿ, ವೈದ್ಯರು ಹೇಳಲಿ.

ಪೆಟ್ ಸ್ಕ್ಯಾನಿಗೆ ಹೊರಟವರಿಗೆ ನಾಲ್ಕು ಮಾತು:

* ಸಾಮಾನ್ಯವಾಗಿ ಆರು ಗಂಟೆ ಉಪವಾಸ. ಬೊಂಡ, ಗಂಜಿತಿಳಿ, ಕಾಫಿ ಯಾವುದೂ ಬೇಡ. ಸಾದಾ ನೀರು ಸಾಕು.
* ಹಿಂದಿನ ದಿನ ಭಾರ ಎತ್ತುವ, ಮೈಮುರಿಯುವ ಕೆಲಸ ಬೇಡ.
* ಸಕ್ಕರೆ ಕಾಯಿಲೆಯವರು, ಬಸುರಿಯರು, ಮೊಲೆಯೂಡಿಸುವವರು ಮೊದಲೇ ತಿಳಿಸಬೇಕು. ಮಾತ್ರೆ, ಇನ್ಸುಲಿನ್ ತಾವಾಗಿ ನಿಲ್ಲಿಸಬಾರದು.
* ಚುಚ್ಚಿದ ಮೇಲೆ ಸುಮಾರು ಒಂದು ಗಂಟೆ ಸುಮ್ಮನೆ ಮಲಗಿರಬೇಕು. ಮುಗಿದ ನಂತರ ಕೆಲವು ಗಂಟೆ ಎಳೆಮಕ್ಕಳಿಂದಲೂ ಬಸುರಿಯರಿಂದಲೂ ದೂರವಿರಬೇಕು.

ಎರಡನೆಯ ಸಲ ಅತ್ತೆ ಬರಿಹೊಟ್ಟೆಯಲ್ಲೇ ಹೋದರು. ಚಿತ್ರ ಸ್ಪಷ್ಟವಾಗಿ ಬಂತು, ಶಸ್ತ್ರಕ್ರಿಯೆಯ ದಿನವೂ ಗೊತ್ತಾಯಿತು. ಹೊರಗೆ ಬಂದವರೇ, "ಇನ್ನಾದರೂ ಒಂದು ಬೊಂಡ ಕೊಡಿಸ್ತೀಯಾ ಮಾರಾಯ್ತಿ?" ಅಂದರು.

ಎರಡು ಕೊಡಿಸಿದೆ.